ಎರಡು ದಾರಿಯ ಅತ್ತಿಗೆ

ಒಳ್ಳೆಯ ಸುದ್ದಿಯನ್ನು ನಮ್ಮ ಅತ್ತಿಗೆಯಷ್ಟು ಅನುಮಾನದಿಂದ ಬರಮಾಡಿಕೊಳ್ಳುವ ಇನ್ನೊಬ್ಬರನ್ನು ನಾನು ಕಂಡಿಲ್ಲ. ಕೆಟ್ಟ ಸುದ್ದಿಗೆ ಅವರು ಕುರ್ಚಿ ಕೊಟ್ಟು ಕೂರಿಸುತ್ತಾರೆ. ಒಳ್ಳೆಯದನ್ನು ಮಾತ್ರ ಬಾಗಿಲಲ್ಲೇ ನಿಲ್ಲಿಸಿ ವಿಚಾರಿಸುತ್ತಾರೆ. ಅಣ್ಣನಿಗೆ ಬಡ್ತಿ ಬಂದಾಗ ‘ಇರಲಿ, ನೋಡೋಣ’ ಎಂದರು. ನನ್ನ ಮೊದಲ ಪುಸ್ತಕಕ್ಕೆ ಬಹುಮಾನ ಬಂದಾಗಲೂ ಅದೇ ಮಾತು. ತೀರ್ಪುಗಾರರ ಬಗ್ಗೆ ನನಗೇ ಒಳಗೊಳಗೆ ಇದ್ದ ಸಂಶಯ ಅವರಿಗೆ ಹೇಗೆ ತಿಳಿಯಿತೋ ಕಾಣೆ. ಹೆರಿಗೆಯಾದ ಮೇಲೆ ದಾದಿ ಬಂದು ‘ಹೆಣ್ಣುಮಗು, ಚೆನ್ನಾಗಿದೆ’ ಎಂದಾಗ, ಸುಸ್ತಾಗಿ ಮಲಗಿದ್ದ ಬಾಣಂತಿ ಕೈಚಾಚಿ ‘ಇರಲಿ, ಕೊಡಿ ನೋಡೋಣ’ ಎಂದು ಕೂಸಿನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದರಂತೆ. ಅಣ್ಣ ಇದನ್ನು ಮನೆಗೆ ಬಂದವರಿಗೆಲ್ಲ ಇಂದಿಗೂ ಹೇಳುತ್ತಾನೆ.

ಅತ್ತಿಗೆ ರಸಾಯನಶಾಸ್ತ್ರಜ್ಞೆ; ಹೊಸ ಔಷಧಿಗಳನ್ನು ಹುಡುಕುವ ಸಂಸ್ಥೆಯೊಂದರಲ್ಲಿ ಕೆಲಸ. ಗಿಡ್ಡ ಆಳು, ಬೀಸುನಡಿಗೆ. ಪಕ್ಕದಲ್ಲಿ ನಡೆಯುವವರು ಎಷ್ಟೇ ಉದ್ದವಿರಲಿ, ಮಾತನಾಡುತ್ತ ಮಾತನಾಡುತ್ತ ಹಿಂದೆ ಬಿದ್ದು, ಕೊನೆಗೆ ಅತ್ತಿಗೆಯ ಬೆನ್ನಿಗೆ ಉತ್ತರ ಹೇಳಬೇಕು. ಪ್ರಯೋಗಾಲಯದ ಅವರ ಬಿಳಿಯ ಕೋಟಿನ ಎಡತೋಳಿನಲ್ಲಿ ಆಮ್ಲ ಬಿದ್ದು ಸುಟ್ಟ ಜಾಗಕ್ಕೆ ಅವರೇ ಹಾಕಿಕೊಂಡ ತೇಪೆಯಿದೆ. ಆ ಕೋಟು ಪ್ರಯೋಗಾಲಯದ ಹೊಸ್ತಿಲು ದಾಟಕೂಡದೆಂಬುದು ಅವರ ಕಟ್ಟಳೆ; ವಿಷ ತಾಗಿದ ಬಟ್ಟೆ ಊಟದ ಮೇಜಿನ ಹತ್ತಿರ ಸುಳಿಯಬಾರದು. ಕೋಟು ತೊಟ್ಟೇ ಕ್ಯಾಂಟೀನಿಗೆ ಬಂದ ಸಂಸ್ಥೆಯ ನಿರ್ದೇಶಕರನ್ನು ಒಮ್ಮೆ, ಸಾಲಿನಲ್ಲಿ ನಿಂತವರೆಲ್ಲರ ಎದುರಿಗೆ, ವಾಪಸು ಕಳಿಸಿದ್ದರು. ಪಾಪ, ಅವರೂ ಹೋದರು.

ಇನ್ನೊಂದು ಹಟವೆಂದರೆ ಎರಡು ದಾರಿಯದು. ಒಂದು ಸಂಯುಕ್ತವನ್ನು ಒಂದೇ ಕ್ರಮದಲ್ಲಿ ತಯಾರಿಸಿದರೆ ಅವರ ಪಾಲಿಗೆ ಅದು ಇನ್ನೂ ಹುಟ್ಟಿಲ್ಲ. ಬೇರೆ ಮೂಲವಸ್ತುಗಳಿಂದ, ಬೇರೆ ಹೆಜ್ಜೆಗಳಲ್ಲಿ ಅದನ್ನೇ ಮತ್ತೊಮ್ಮೆ ಕಟ್ಟಬೇಕು. ಎರಡೂ ದಾರಿಯಲ್ಲಿ ಬಂದದ್ದು ಒಂದೇ ರೀತಿ ನಡೆದುಕೊಂಡರೆ ಆಗ ನಂಬಬೇಕು. ಸಹೋದ್ಯೋಗಿಗಳು ಇದನ್ನು ಲೇವಡಿ ಮಾಡುತ್ತ ಅವರಿಗೆ ‘ಎರಡು ದಾರಿಯವರು’ ಎಂದೇ ಹೆಸರಿಟ್ಟಿದ್ದರು.

ಒಮ್ಮೆ ನನ್ನನ್ನೂ ಪ್ರಯೋಗಾಲಯಕ್ಕೆ ಕರೆದೊಯ್ದು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

“ಕೋಶ ಎರಡಾಗೋಕೆ ಮುಂಚೆ ಅಪ್ಪಣೆ ಕೇಳುತ್ತೆ” ಎಂದರು. “ಅಪ್ಪಣೆ ಕೊಡೋ ಪ್ರೋಟೀನುಗಳಿವೆ, ಕೈನೇಸ್ ಅಂತ. ಕ್ಯಾನ್ಸರಿನಲ್ಲಿ ಅವು ಕೇಳಿದವರಿಗೂ ಕೊಡ್ತವೆ, ಕೇಳದವರಿಗೂ ಕೊಡ್ತವೆ. ಆ ಪ್ರೋಟೀನಿನಲ್ಲಿ ಒಂದು ಸಣ್ಣ ಕುಳಿ ಇದೆ. ನನ್ನ ಸಂಯುಕ್ತ ಹೋಗಿ ಅಲ್ಲಿ ಕೂತ್ರೆ ಅದರ ಬಾಯಿ ಕಟ್ಟುತ್ತೆ.”

ಮೊದಲನೆಯ ಗಾಜಿನ ತಟ್ಟೆಯಲ್ಲಿ ಕೋಶಗಳು ಒಂದರ ಮೇಲೊಂದು ಬಿದ್ದು ಕಿಕ್ಕಿರಿದಿದ್ದವು. ಸಂಯುಕ್ತ ಹಾಕಿದ ಎರಡನೆಯದರಲ್ಲಿ ಅಲ್ಲೊಂದು ಇಲ್ಲೊಂದು, ಅಗಲವಾಗಿ ಹರಡಿಕೊಂಡು, ಯಾರದೋ ಮಾತಿಗೆ ಕಾದಿರುವಂತೆ ತಟಸ್ಥವಾಗಿದ್ದವು.

“ಸತ್ತಿವೆಯಾ ಅತ್ತಿಗೆ?”

“ಇಲ್ಲಪ್ಪ, ನಿಂತಿವೆ. ಸಾಯಿಸೋದಕ್ಕೇನು, ಸೋಪಿನ ನೀರು ಸಾಕು. ನಿಲ್ಲಿಸೋದು ಕಷ್ಟ. ತೊಳೆದುಬಿಟ್ರೆ ಮತ್ತೆ ಹೊರಡ್ತವೆ, ನೋಡ್ತಿರು.”

ಆ ಕುರ್ಚಿಯಲ್ಲಿ ಕೂತಿದ್ದ ನನ್ನೊಳಗೂ, ನನ್ನನ್ನು ಒಂದು ಮಾತೂ ಕೇಳದೆ, ಲೆಕ್ಕಕ್ಕೆ ಸಿಗದಷ್ಟು ಕೋಶಗಳು ಅಪ್ಪಣೆ ಬೇಡುತ್ತ, ಪಡೆಯುತ್ತ, ತಡೆಯಲ್ಪಡುತ್ತ ಇದ್ದವು. ಬದುಕಿದ್ದೇನೆ ಎಂದು ನಾನು ಜಂಬದಿಂದ ಹೇಳಿಕೊಳ್ಳುವುದೆಲ್ಲ ಆ ಕಾಣದ ಹೌದು-ಅಲ್ಲಗಳ ಕೃಪೆ. ಅದರ ನಡುವೆ ಕೈಹಾಕಿ ಒಂದು ‘ಅಲ್ಲ’ವನ್ನು ಕಟ್ಟಿ ತಂದವರು ನನಗೆ ದಿನವೂ ಚಹಾ ಕೊಡುವ ಹೆಂಗಸು ಎಂಬುದನ್ನು ನಂಬಲು ಬಹಳ ಹೊತ್ತು ಹಿಡಿಯಿತು.

ಆದರೆ ಆ ಸಂಯುಕ್ತವೊಂದಕ್ಕೆ ಮಾತ್ರ ಎರಡನೆಯ ದಾರಿ ವರ್ಷಗಟ್ಟಲೆ ಸಿಕ್ಕಲೇ ಇಲ್ಲ. ಅದರ ಎರಡು ತುಂಡುಗಳನ್ನು ಬೆಸೆಯಲು ಪಲ್ಲೇಡಿಯಂ ಎಂಬ ಲೋಹವೇ ಬೇಕಿತ್ತು; ಬೆಸೆದ ಮೇಲೆ ಲೋಹವನ್ನು ತೊಳೆದು ತೆಗೆಯುತ್ತಿದ್ದರು. ಅಷ್ಟರಲ್ಲಿ ಪ್ರಾಣಿಗಳ ಮೇಲಿನ ಪರೀಕ್ಷೆಗಳೂ ಮುಗಿದು, ಇನ್ನು ರೋಗಿಗಳಿಗೆ ಕೊಟ್ಟು ನೋಡುವುದೆಂದು ನಿಶ್ಚಯವಾಯಿತು. ನಿವೃತ್ತಿಗೆ ಹತ್ತಿರವಾಗಿದ್ದ ಅತ್ತಿಗೆಯ ಆಯುಷ್ಯದ ದುಡಿಮೆಯೆಲ್ಲ ಅದೊಂದು ಬಿಳಿಯ ಪುಡಿಯಲ್ಲಿತ್ತು. ಆಗಲೇ, ಲೋಹದ ಸೋಂಕೇ ಇಲ್ಲದ ದಾರಿಯೊಂದು ಅವರಿಗೆ ಹೊಳೆಯಿತು. ತಡೆಯಿರಿ ಎಂದು ನಿರ್ದೇಶಕರ ಕೋಣೆಗೆ ಹೋದರು.

“ಮೇಡಂ, ದಡಕ್ಕೆ ಇನ್ನು ಒಂದೇ ಗೇಣಿದೆ. ಈಗ ದೋಣಿಯ ತಳ ಯಾಕೆ ಕೆರೀತೀರಿ?” ಎಂದರಂತೆ ಅವರು.

“ನಾವು ದಡದಲ್ಲಿ ಇಳಿದುಬಿಡ್ತೀವಿ ಸರ್. ಆಮೇಲೆ ಇದೇ ದೋಣಿ ಹತ್ತೋರು ರೋಗಿಗಳು.”

ಹೊಸ ದಾರಿಯ ಪುಡಿ ಸಿದ್ಧವಾಯಿತು. ಅದೇ ಸಂಯುಕ್ತ, ಅಣುವಿಗೆ ಅಣು ಅದೇ. ಕೋಶಗಳನ್ನು ಸಾಕುವ ಸಹೋದ್ಯೋಗಿ ಅದನ್ನು ತಟ್ಟೆಯ ಕೋಶಗಳಿಗೆ ಹಾಕಿ, ಕಾದು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ನೋಡಿದರು. “ಮೇಡಂ, ಇವು ನಿಂತಿಲ್ಲ” ಎಂದರು. ಅತ್ತಿಗೆ ನೋಡಿದರು. ತಟ್ಟೆ ಕಿಕ್ಕಿರಿದಿತ್ತು. ಅಷ್ಟಕ್ಕೇ ಬಿಡುವವರೇ? ಶುದ್ಧವಾದ ಆ ಪುಡಿಗೆ ತಾವೇ ಲೋಹದ ಒಂದು ಕಣ ಬೆರೆಸಿ ಮತ್ತೆ ಹಾಕಿಸಿದರು. ಕೋಶಗಳು ನಿಂತವು. ಎಷ್ಟು ತೊಳೆದರೂ ಬಿಡದೆ ಸಂಯುಕ್ತ ಕಂಕುಳಲ್ಲಿ ಅವುಚಿಕೊಂಡು ಒಯ್ಯುತ್ತಿದ್ದ ಲೋಹದ ಕೆಲಸ ಅದು. ಮೂಗಿಗಿಂತ ಮೂಗುತಿಯೇ ಭಾರವಾಗಿತ್ತು. ಪ್ರಾಣಿಗಳ ಅಲ್ಪಾವಧಿಯ ಪರೀಕ್ಷೆಗೆ ಸಿಗದ ಆ ಲೋಹ ರೋಗಿಯ ಮೈಯಲ್ಲಿ ವರ್ಷಗಟ್ಟಲೆ ಶೇಖರವಾದರೆ ಮೂತ್ರಪಿಂಡವೋ ಇನ್ನೇನೋ ಕೆಡುವುದು ಬರಿಯ ಕಾಲದ ಮಾತು.

ಸಭೆಯಲ್ಲಿ ಇದನ್ನು ಹೇಳಲು ಅವರು ಬೇರೆ ಯಾರನ್ನೂ ಬಿಡಲಿಲ್ಲ. “ಇಷ್ಟು ವರ್ಷ ಕೆಲಸ ಮಾಡಿದ್ದು ನಾನು ಕಟ್ಟಿದ್ದಲ್ಲ, ನನ್ನ ಕೈಲಿ ತೊಳೆಯೋಕೆ ಆಗದೆ ಉಳಿದದ್ದು” ಎಂದು ಹೇಳಿ ಕೂತರಂತೆ. ರೋಗಿಗಳಿಗೆ ಕೊಟ್ಟು ನೋಡುವ ಯೋಚನೆ ಅಲ್ಲಿಗೇ ನಿಂತಿತು.

ಆ ಸಂಜೆ ಅತ್ತಿಗೆ ಮನೆಗೆ ಬಂದಾಗ ಮೈಮೇಲೆ ಬಿಳಿಯ ಕೋಟಿತ್ತು. ಅದು ತಮ್ಮ ಮೈಮೇಲಿದೆಯೆಂಬುದೇ ಅವರಿಗೆ ತಿಳಿದಿರಲಿಲ್ಲ. ಊಟದ ಮೇಜಿನ ಮುಂದೆ ಹಾಗೆಯೇ ಕೂತರು. ಮಗಳು ಹತ್ತಿರ ಹೋಗಿ, ಏನೂ ಕೇಳದೆ, ಚಿಕ್ಕ ಮಕ್ಕಳದನ್ನು ಬಿಚ್ಚುವ ಹಾಗೆ ಒಂದೊಂದೇ ಗುಂಡಿ ಬಿಚ್ಚಿ ಕೋಟು ತೆಗೆದಳು. ಅಣ್ಣನಿಗೆ ತಡೆಯಲಾಗಲಿಲ್ಲ.

“ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ವಲ್ಲೇ.”

“ಗೊತ್ತಾಗ್ತಿತ್ತು” ಎಂದರು ಅತ್ತಿಗೆ. “ಔಷಧಿ ತಗೊಂಡವರಿಗೆ. ಆದ್ರೆ ಅವರು ಅದನ್ನ ರೋಗ ಅಂದ್ಕೋತಿದ್ರು.”

ಅಣ್ಣ ಎದ್ದು ಹೋಗಿ ಚಹಾ ಮಾಡಿ ತಂದ. ಅದರಲ್ಲಿ ಸಕ್ಕರೆ ಹಾಕುವುದು ಮರೆತಿತ್ತು, ಅತ್ತಿಗೆ ಹಾಗೆಯೇ ಕುಡಿದರು. ಕೆಲವು ದಿನ ಕಳೆದ ಮೇಲೆ, ಆ ಪ್ರೋಟೀನಿನ ಅದೇ ಕುಳಿಗೆ ಕೂರುವ ಬೇರೊಂದು ಆಕಾರದ ಸಂಯುಕ್ತ ಹುಡುಕುತ್ತ ಕೆಲಸ ಶುರುಮಾಡಿದರು. ತಮ್ಮ ಸೇವೆ ಮುಗಿಯುವುದರೊಳಗೆ ಅದು ಮುಗಿಯದೆಂದು ಅವರಿಗೆ ಗೊತ್ತಿತ್ತು.

ಜಗತ್ತು ಕಂಡುಹಿಡಿದವರನ್ನು ನೆನೆಯುತ್ತದೆ. ನೆನೆಯಲಿ, ಅದು ನ್ಯಾಯವೇ. ಆದರೆ ಕಂಡುಹಿಡಿದದ್ದನ್ನು ತಮ್ಮ ಕೈಯಿಂದಲೇ ಅಳಿಸಿದವರ ಒಂದು ಕುಲವಿದೆ. ಅವರಿಗೆ ಹಾರವಿಲ್ಲ, ಅವರ ಹೆಸರಿನ ಕಟ್ಟಡವಿಲ್ಲ. ಅವರು ಉಳಿಸಿದ ಜನ ಎಲ್ಲೋ ಈಗ ಬಸ್ಸು ಕಾಯುತ್ತಿರಬಹುದು, ಮಕ್ಕಳ ತಲೆ ಬಾಚುತ್ತಿರಬಹುದು. ಆ ಜನ ಬಂದು ಕೈಮುಗಿಯುವುದಿಲ್ಲ. ಹೇಗೆ ಮುಗಿದಾರು, ಅವರಿಗೆ ಏನೂ ಆಗಲೇ ಇಲ್ಲವಲ್ಲ.