ಬೀಸುವ ಕಲ್ಲಿನ ಸದ್ದಿನಲ್ಲಿ

ಬೀಸುವ ಕಲ್ಲು ಅರ್ಧ ಸುತ್ತಿನಲ್ಲೇ ನಿಂತುಬಿಟ್ಟಿತು. ಹಿಂದಿನಿಂದ ಬಂದ ಎರಡು ಪುಟ್ಟ ಕೈಗಳು ನನ್ನ ಕೈಯ ಮೇಲಿಂದಲೇ ಗೂಟವನ್ನು ಬಿಗಿಯಾಗಿ ಹಿಡಿದಿದ್ದವು. ಬಿಸಿಲು ಇನ್ನೂ ಹಿತ್ತಲ ಗೋಡೆಯಿಂದ ಇಳಿದಿರಲಿಲ್ಲ. ಕಲ್ಲಿನ ಸುತ್ತ ರಾಗಿ ಹಿಟ್ಟು ಬಳೆಯ ಹಾಗೆ ಬಿದ್ದಿತ್ತು. ಗುರುಗುಟ್ಟುವ ಸದ್ದು ನಿಂತ ಕೂಡಲೇ ನನ್ನ ತುಟಿಯ ಮೇಲಿದ್ದ ಮಾತನ್ನು ನಾನು ಅವಸರದಿಂದ ನುಂಗಿಕೊಂಡೆ.

"ಏನೋ ತಿಪ್ಪ? ಬಿಡು ಮರಿ, ರೊಟ್ಟಿಗೆ ಇಷ್ಟು ಹಿಟ್ಟು ಸಾಲಲ್ಲ."

ಮಗ ನನ್ನ ಬಾಯನ್ನೇ ನೋಡುತ್ತಿದ್ದ. ಬಲಮೂಗಿನಲ್ಲಿ ತಾಮ್ರದ ತಂತಿಯ ಉಂಗುರ. ಮೈಮೇಲೆ ಪಕ್ಕದ ಬೀದಿಯ ಯಾರದೋ ಹಳೆಯ ಅಂಗಿ, ತೋಳು ಮೊಣಕೈ ದಾಟಿ ಜೋತುಬಿದ್ದಿತ್ತು. ಏನನ್ನೋ ಕೇಳಲು ಬಾಯಿ ತೆರೆದ. ಆಮೇಲೆ ಕಲ್ಲಿನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ಎದ್ದು ಹೋದ.

ಅವನು ಕೇಳದೆ ಬಿಟ್ಟದ್ದು ನನಗೆ ಸೋಜಿಗವಾಗಿತ್ತು. ಕೋಳಿಗೆ ಯಾಕೆ ಹಲ್ಲಿಲ್ಲ, ಹೊಗೆ ಯಾಕೆ ಕೆಳಗೆ ಬೀಳುವುದಿಲ್ಲ ಎಂದು ದಿನವಿಡೀ ಸೆರಗು ಹಿಡಿದು ಕೇಳುವ ಹುಡುಗ ಅವನು. ನುಂಗಿಕೊಳ್ಳುವ ಅಭ್ಯಾಸ ನನ್ನದಾಗಿತ್ತು, ಅವನದಲ್ಲ.

ಅವನಿಗಿಂತ ಮೊದಲು ನನಗೊಬ್ಬಳು ಮಗಳಿದ್ದಳು, ಚಂಪಕ. ಆವತ್ತು ಬೆಳಿಗ್ಗೆ ಇದೇ ಹಿತ್ತಲಲ್ಲಿ ಕುಂಟೆಬಿಲ್ಲೆ ಆಡಿದ್ದಳು. ಮಧ್ಯಾಹ್ನ ಮೈ ಕಾದ ಹೆಂಚಾಗಿತ್ತು. ಸಂಜೆಗೆ ಕಾಲಿನ ಮೇಲೆ ನೇರಳೆಹಣ್ಣು ಹಿಸುಕಿದಂತೆ ಕಲೆಗಳೆದ್ದವು. ಹೊತ್ತುಕೊಂಡು ಆಸ್ಪತ್ರೆಗೆ ಓಡಿದೆವು. ಮರಳಿ ಬರುವಾಗ ಅವಳು ನಮ್ಮ ಜೊತೆ ಇರಲಿಲ್ಲ.

ಕೆಲವು ವಾರಗಳ ನಂತರ ನಾನು ಅತ್ತೆಯ ಜೊತೆ ಮತ್ತೆ ಆ ಆಸ್ಪತ್ರೆಯ ಡಾಕ್ಟರಮ್ಮನ ಹತ್ತಿರ ಹೋದೆ. ಔಷಧಿಗಲ್ಲ. ನನಗೊಂದು ಮಾತು ತಿಳಿಯಬೇಕಿತ್ತು.

"ಮೈತುಂಬ ರಕ್ತ ಇತ್ತಲ್ಲ ತಾಯಿ, ಅದರಲ್ಲಿ ತಡೆಯೋರು ಯಾರೂ ಇರಲಿಲ್ವಾ?"

ಡಾಕ್ಟರಮ್ಮ ಸುಮ್ಮನೆ ಸಮಾಧಾನ ಹೇಳಿ ಕಳಿಸಬಹುದಿತ್ತು. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

"ಇದ್ರಮ್ಮ. ರಕ್ತದಲ್ಲಿ ಬಿಳಿ ಕಣ ಅಂತ ಇರುತ್ವೆ. ಕಾವಲಿನೋರು ಅಂದ್ಕೊಳ್ಳಿ. ಎದುರಿಗೆ ಬಂದದ್ದನ್ನೆಲ್ಲ ಮುಟ್ಟಿ ನೋಡ್ತಾರೆ. ನಮ್ಮದಾದ್ರೆ ಬಿಡ್ತಾರೆ, ಹೊರಗಿಂದಾದ್ರೆ ನುಂಗಿಹಾಕ್ತಾರೆ. ನಿಮ್ಮ ಮಗಳಿಗೆ ಬಂತಲ್ಲ, ಆ ರೋಗಾಣು ಮೈಮೇಲೆ ಒಂದು ಹೊದಿಕೆ ಹೊದ್ದಿರುತ್ತೆ, ಒಂಥರಾ ಸಕ್ಕರೆಯಿಂದ ನೇಯ್ದದ್ದು. ಹೆಚ್ಚಿದ ಬೆಂಡೆಕಾಯಿ ಹಾಗೆ ಲೋಳೆ ಲೋಳೆ, ಹಿಡಿಯಕ್ಕೆ ಹೋದ್ರೆ ಜಾರುತ್ತೆ. ಅಷ್ಟೇ ಅಲ್ಲ, ನಮ್ಮ ಮೈಯ ಕಣಗಳ ಮೇಲೂ ಅಂಥದೇ ಸಕ್ಕರೆ ಇರುತ್ತೆ. ಕಾವಲಿನೋರು ಮುಟ್ಟಿ ನೋಡಿ, ನಮ್ಮವರೇ ಅಂದ್ಕೊಂಡ್ಬಿಡ್ತಾರೆ. ಗೊತ್ತಾಗೋ ಹೊತ್ತಿಗೆ ಅದು ರಕ್ತದ ತುಂಬ ಬೆಳೆದಿರುತ್ತೆ."

ಅತ್ತೆ ಬಾಗಿಲ ಪಕ್ಕದಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದರು. ಮನೆ ಹತ್ತಿರ ಬಂದಾಗ ಅಂದರು:

"ನಮ್ಮ ಬಟ್ಟೆ ಹಾಕ್ಕೊಂಡೇ ನಮ್ಮನೆಗೆ ನುಗ್ತು ಅನ್ನು."

ಈ ಮಾತು ಅವರ ಮನಸ್ಸಿನಲ್ಲಿ ಎಷ್ಟು ಆಳಕ್ಕೆ ಇಳಿದಿತ್ತೆಂದು ನನಗೆ ತಿಳಿದದ್ದು ಗಂಡುಮಗು ಹುಟ್ಟಿದ ಮೇಲೆ. ಮಕ್ಕಳನ್ನು ಕಳೆದುಕೊಂಡ ಮನೆಗಳಲ್ಲಿ ಹಿಂದಿನಿಂದಲೂ ಮಾಡುವುದನ್ನೇ ಅವರು ಮಾಡಿದರು. ಆದರೆ ಅವರು ಕೊಟ್ಟ ಕಾರಣ ಮಾತ್ರ ಹೊಸದು. "ಅದು ವೇಷ ಹಾಕ್ಕೊಂಡು ಬರೋದಾದ್ರೆ ನಾವೂ ವೇಷ ಹಾಕಿ ಬಚ್ಚಿಡೋಣ. ಅದಕ್ಕೆ ಮಾತ್ರಾನಾ ಬರೋದು, ನಮಗೆ ಬರಲ್ವಾ?"

ಮಗುವನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿಗಿಟ್ಟರು. ಎದುರುಮನೆಯ ಕೆಂಚಮ್ಮ, ಮೊದಲೇ ಹೇಳಿಟ್ಟಂತೆ, ಎತ್ತಿಕೊಂಡು ಬಂದು ಬಾಗಿಲಲ್ಲಿ ನಿಂತಳು.

"ತಿಪ್ಪೇಲಿ ಸಿಕ್ತು ಕಣಮ್ಮ. ಬೇಕೇನು?"

"ಇಂಥ ಸೊಟ್ಟಮೂತಿ ಮಗು ಯಾರಿಗೆ ಬೇಕೇ? ಹಾಳಾಗ್ಲಿ, ಇಟ್ಟು ಹೋಗು. ಒಂದು ಮೊರ ನುಚ್ಚು ತಗೋ."

"ಒಂದು ಮೊರ ಜಾಸ್ತಿಯಾಯ್ತು. ಈ ಮೂತಿಗೆ ಅರ್ಧ ಸಾಕು," ಎಂದು ಕೆಂಚಮ್ಮ ಬೀದಿಗೆಲ್ಲ ಕೇಳುವಂತೆ ಅಂದಳು. ಅನ್ನುವಾಗ ಅವಳ ಕಣ್ಣಲ್ಲಿ ನೀರಿತ್ತು.

ಹೀಗೆ ನನ್ನ ಮಗ ತಿಪ್ಪನಾದ. ಮೂಗು ಚುಚ್ಚಿಸಿದರು. ಬೇರೆ ಮನೆಗಳಿಂದ ಬೇಡಿ ತಂದ ಹಳೆಬಟ್ಟೆಯನ್ನಲ್ಲದೆ ಅವನಿಗೆ ಬೇರೇನೂ ತೊಡಿಸಲಿಲ್ಲ. ಚಂಪಕ ಹೋದ ವಯಸ್ಸನ್ನು ಅವನು ದಾಟುವವರೆಗೆ ಹೀಗೇ ಎಂದು ಅತ್ತೆ ಹರಕೆ ಹೊತ್ತರು. ನನ್ನ ಗಂಡ ಅಮ್ಮನ ಮಾತಿಗೆ ತಲೆಯಾಡಿಸಿದರು. ನಾನೂ ಆಡಿಸಿದೆ. ಒಂದು ಮಗುವನ್ನು ಮಣ್ಣಿಗೆ ಕೊಟ್ಟವಳಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು?

ಆದರೆ ಅವನು ಹೊಟ್ಟೆಯಲ್ಲಿದ್ದಾಗಲೇ ನಾನೊಂದು ಹೆಸರನ್ನು ಆರಿಸಿಟ್ಟುಕೊಂಡಿದ್ದೆ. ಮುಕುಂದ. ಅತ್ತೆಗೆ ಹೇಳಹೋದಾಗ ಅವರು ನನ್ನ ಬಾಯಿಗೆ ಕೈ ಅಡ್ಡ ಇಟ್ಟರು. "ಮನಸ್ಸಲ್ಲೇ ಇಟ್ಕೋ ತಾಯಿ. ಬಾಯಿಂದ ಬಂದ್ರೆ ಕೇಳಬಾರದ್ದಕ್ಕೆ ಕೇಳಿಸುತ್ತೆ."

ಮನಸ್ಸಿನಲ್ಲಿಟ್ಟುಕೊಂಡೆ. ಹಾಲು ಕುಡಿಸುವಾಗ, ಎಣ್ಣೆ ಒತ್ತಿ ನೀರು ಹಾಕುವಾಗ, ಬಿದ್ದು ಮಂಡಿ ತರಚಿಕೊಂಡು ಬಂದಾಗ, ಆ ಹೆಸರು ಗಂಟಲವರೆಗೆ ಬಂದು ತಿಪ್ಪ ಎಂದಾಗಿ ಹೊರಗೆ ಬೀಳುತ್ತಿತ್ತು. ಮಗು ಮಡಿಲಲ್ಲೇ ಇದ್ದರೂ ದೂರದಲ್ಲೆಲ್ಲೋ ಇರುವವನಿಗೆ ಕಾದಂತೆ ಕಾಯುತ್ತಿದ್ದೆ. ಕೊನೆಗೆ ನನಗೊಂದು ಜಾಗ ಸಿಕ್ಕಿತು. ಬೆಳಗಿನ ಹೊತ್ತು ಬೀಸುವಾಗ ಬೇರೆ ಹೆಂಗಸರು ಹಾಡುತ್ತಿದ್ದರು. ನಾನು ಕಲ್ಲಿನ ಸದ್ದಿನ ಮರೆಯಲ್ಲಿ ಮಗನನ್ನು ಆ ಹೆಸರಿನಿಂದ ಕರೆಯುತ್ತಿದ್ದೆ. ಕಲ್ಲಿನ ಒಂದು ಸುತ್ತಿಗೆ ಒಂದು ಸಲ ಮುಕುಂದ. ಕಲ್ಲಿನ ಬಾಯಿಗೆ ಒಂದು ಹಿಡಿ ರಾಗಿ, ಮತ್ತೆ ಮುಕುಂದ. ಅವನು ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತಿದ್ದ. ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡಿದ್ದೆ.

ದೊಡ್ಡವನಾಗುತ್ತಾ ಅವನಿಗೊಂದು ರೂಢಿ ಬಂತು. ತನ್ನ ರೊಟ್ಟಿಯಲ್ಲಿ ಒಂದು ತುಂಡು ಮುರಿದು ಬೀಸುವ ಕಲ್ಲಿನ ಪಕ್ಕ ಇಟ್ಟು ಹೋಗುತ್ತಿದ್ದ. ಇರುವೆ ತಿನ್ನುತ್ತಿತ್ತು, ಇಲ್ಲ ಗುಬ್ಬಿ. ಅಕ್ಕನ ವಿಷಯ ಯಾರೋ ಹೇಳಿರಬೇಕು, ಅವಳಿಗೆ ಇಡುತ್ತಾನೆ ಎಂದುಕೊಂಡು ನಾನು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದೆ. ಕೇಳಲಿಲ್ಲ.

ಅವನು ಕಲ್ಲು ನಿಲ್ಲಿಸಿದ ಆ ವಾರವೇ ಡಾಕ್ಟರಮ್ಮ ಹೇಳಿ ಕಳಿಸಿದರು, ಚಂಪಕಳಿಗೆ ಬಂದಿದ್ದ ರೋಗಕ್ಕೆ ಹೊಸದೊಂದು ಚುಚ್ಚುಮದ್ದು ಬಂದಿದೆ ಎಂದು. ಅತ್ತೆಯೂ ಹೊರಟರು.

"ಏನಪ್ಪಾ ನಿನ್ನ ಹೆಸರು?" ಡಾಕ್ಟರಮ್ಮ ಅವನ ತೋಳಿಗೆ ಸ್ಪಿರಿಟ್ ಹಚ್ಚುತ್ತಾ ಕೇಳಿದರು.

"ತಿಪ್ಪ!" ಎಂದ, ಎದೆಯುಬ್ಬಿಸಿ.

ನಾನು ಕಿಟಕಿಯ ಕಡೆ ಮುಖ ತಿರುಗಿಸಿದೆ.

"ಇದರಲ್ಲಿ ರೋಗಾಣು ಇಲ್ಲ ಅಜ್ಜಿ," ಎಂದು ಅವರು ಅತ್ತೆಗೆ ಹೇಳುತ್ತಿದ್ದರು. "ಬರೀ ಅದರ ಹೊದಿಕೆಯ ಚೂರು. ಇವನ ಕಾವಲಿನೋರು ಇದನ್ನ ನೋಡಿ ಗುರುತಿಟ್ಕೋತಾರೆ. ನಾಳೆ ಅದೇ ಬಟ್ಟೆ ಹಾಕ್ಕೊಂಡು ನಿಜವಾದದ್ದು ಬಂದ್ರೆ, ಹಿಡೀತಾರೆ."

"ಖಂಡಿತಾನಾ?"

"ಎಲ್ಲ ರೋಗಕ್ಕೂ ಅಲ್ಲ, ಇದೊಂದಕ್ಕೆ. ದೇವರಾಣೆ ಅಂತ ನಾನು ಹೇಳಲ್ಲ. ಆದ್ರೆ ಆವತ್ತಿನ ಹಾಗೆ ಕಣ್ಣು ಕಟ್ಟಿದ ಹಾಗಿರಲ್ಲ."

ಬರುವಾಗ ಅತ್ತೆ ಬಟ್ಟೆ ಅಂಗಡಿಯ ಮುಂದೆ ನಿಂತರು. ಹರಕೆಯ ಅವಧಿ ಇನ್ನೂ ಮುಗಿದಿರಲಿಲ್ಲ. ಅವರು ನನ್ನ ಮುಖ ನೋಡದೆ ಒಳಗೆ ಹೋಗಿ, ನೀಲಿ ಚೌಕುಳಿಯ ಒಂದು ಅಂಗಿ ತಂದು ಮೊಮ್ಮಗನ ಕೈಗಿಟ್ಟರು. ಅವನು ಅದನ್ನು ಮೂಸಿ ನೋಡಿದ. ಹೊಸಬಟ್ಟೆಯ ಗಂಜಿಯ ವಾಸನೆ ಅವನಿಗೆ ಗೊತ್ತಿರಲಿಲ್ಲ.

"ಇದು ಯಾರ ಮನೇದು ಅಜ್ಜಿ?"

"ಯಾರ ಮನೇದೂ ಅಲ್ಲ ಕಣೋ, ಅಂಗಡೀದು."

"ಹಂಗಾದ್ರೆ ಯಾರು ಹಾಕ್ಕೊಳೋಕೆ?"

ಗಾಡಿಯೊಂದು ಅಡ್ಡ ಬಂತು. ಅತ್ತೆ ಅವನ ಕೈ ಹಿಡಿದು ಬದಿಗೆಳೆದುಕೊಂಡರು, ಮಾತು ಅಲ್ಲಿಗೇ ಬಿಟ್ಟುಹೋಯಿತು.

ಅಂಗಿಯನ್ನು ಅವನು ತೊಡಲಿಲ್ಲ. ಅತ್ತೆ ಎರಡು ಸಲ ರೇಗಿಸಿದರು, "ಏನೋ, ನಿನ್ನ ಮದುವೆಗೆ ಇಟ್ಕೊಂಡಿದೀಯಾ?" ಎಂದು. ಅವನು ಮೂಗಿನ ಉಂಗುರ ತಿರುಗಿಸಿಕೊಳ್ಳುತ್ತಿದ್ದ.

ಆಮೇಲೆ ಒಂದು ಬೆಳಿಗ್ಗೆ ನಾನು ಬೀಸುತ್ತಿದ್ದೆ. ಅತ್ತೆ ಹೊಸ್ತಿಲಲ್ಲಿ ಕೂತು ರಾಗಿಯಲ್ಲಿ ಕಲ್ಲು ಆರಿಸುತ್ತಿದ್ದರು. ಮಗ ಬಂದ. ಒಂದು ಕೈಯಲ್ಲಿ ಹಿಂದಿನ ದಿನದ ರೊಟ್ಟಿಯ ತುಂಡು, ಇನ್ನೊಂದರಲ್ಲಿ ಮಡಿಕೆ ಬಿಚ್ಚದ ನೀಲಿ ಅಂಗಿ. ರೊಟ್ಟಿಯನ್ನು ಕಲ್ಲಿನ ಪಕ್ಕ ಇಟ್ಟ. ಅಂಗಿಯನ್ನು ಹಿಟ್ಟು ತಾಗದಂತೆ ಸ್ವಲ್ಪ ದೂರದಲ್ಲಿ ಇಟ್ಟು, ಅಂಗೈಯಿಂದ ಸವರಿ ನೇರ ಮಾಡಿದ. ಆಮೇಲೆ ಎರಡೂ ಕೈಯಿಂದ ಗೂಟ ಹಿಡಿದುಕೊಂಡ.

ಕಲ್ಲು ನಿಂತಿತು. ಈ ಸಲ ನಾನು ನುಂಗಿಕೊಳ್ಳುವಷ್ಟರಲ್ಲಿ ತಡವಾಗಿತ್ತು. ಸದ್ದಿಲ್ಲದ ಹಿತ್ತಲಲ್ಲಿ ಆ ಹೆಸರು ಪೂರ್ತಿಯಾಗಿ ಕೇಳಿಸಿತು. ಅತ್ತೆಯ ಬೆರಳುಗಳು ಮೊರದಲ್ಲೇ ತಡೆದು ನಿಂತವು.

ಅವರು ಬೈಯಲಿಲ್ಲ. ಮೊರ ಪಕ್ಕಕ್ಕಿಟ್ಟು ಮೊಮ್ಮಗನಿಗೆ ಅಂದರು, "ಏನೋ ಅದು, ಬಾಯಲ್ಲಿ ಕಲ್ಲುಸಕ್ಕರೆ ಇಟ್ಕೊಂಡೋನ ಹಾಗೆ ನಿಂತಿದೀಯ? ಕೇಳು. ಏನು ಕೇಳಬೇಕೋ ಕೇಳು ನಿಮ್ಮಮ್ಮನ್ನ."

ಅವನು ಅಂಗಿಯನ್ನು ನೋಡಿದ, ರೊಟ್ಟಿಯನ್ನು ನೋಡಿದ. ಹಿಟ್ಟು ಹತ್ತಿದ ಕೈಯಿಂದ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡ.

"ಅಮ್ಮಾ, ದಿನಾ ಕರೀತೀಯಲ್ಲ, ಮುಕುಂದ ಯಾವಾಗ ಬರ್ತಾನೆ?"