ಬೇರೆ ಯಾರಿಗೆ ಗೊತ್ತಿತ್ತು

“ಮಾಡಿದ್ದಾನಾ, ಇಲ್ವಾ. ನಮ್ಮನ್ನ ಕೇಳಿರೋದು ಅಷ್ಟೇ ಮೇಡಂ,” ಎಂದು ಕೌಸ್ತುಭ್ ಫಾರಂ ಅನ್ನು ವಸಂತಾಳ ಕಡೆಗೆ ಸರಿಸಿದ. “ಆಮೇಲೆ ಏನಾಗುತ್ತೆ ಅನ್ನೋದು ನಮ್ಮ ತಲೆನೋವಲ್ಲ.”

ಆಮೇಲೆ ಏನಾಗುತ್ತದೆ ಎಂಬುದು ಅವನ ಬೆನ್ನ ಹಿಂದಿನ ಗೋಡೆಯ ಮೇಲೇ ಇತ್ತು, ಇಂಗ್ಲಿಷಿನಲ್ಲೂ ಸ್ವಾಹಿಲಿಯಲ್ಲೂ. ಬಾಗಿಲು ತೆರೆದರೆ ಯಂತ್ರವನ್ನು ನಿಲ್ಲಿಸುವ ಸುರಕ್ಷತೆಯ ಸ್ವಿಚ್ಚನ್ನು ಕಟ್ಟಿಹಾಕಿದವರು ಯಾರೇ ಆಗಲಿ, ಕಟ್ಟಿದ್ದು ಗೊತ್ತಿದ್ದೂ ಸುಮ್ಮನಿದ್ದವರು ಯಾರೇ ಆಗಲಿ, ಕೆಲಸದಿಂದ ವಜಾ. ಎರಡನೇ ಎಚ್ಚರಿಕೆ, ಮೂರನೇ ಎಚ್ಚರಿಕೆ ಎಂಬುದೆಲ್ಲ ಅದರಲ್ಲಿ ಇರಲಿಲ್ಲ.

ನೈರೋಬಿಯ ಇಂಡಸ್ಟ್ರಿಯಲ್ ಏರಿಯಾದ ಆ ಸೋಪಿನ ಪುಡಿ ಕಾರ್ಖಾನೆಯಲ್ಲಿ ಇಂಥ ವಿಚಾರಣೆಗೆ ಮೂವರು ಕೂರುತ್ತಿದ್ದರು. ಎಚ್ಆರ್‌ನಿಂದ ಒಬ್ಬರು, ಮ್ಯಾನೇಜರುಗಳಿಂದ ಒಬ್ಬರು, ಕೆಲಸಗಾರರು ಆರಿಸಿ ಕಳಿಸಿದವರು ಒಬ್ಬರು. ಮೂವರದೂ ಒಂದೇ ಉತ್ತರ ಆಗಬೇಕು. ಕೌಸ್ತುಭ್ ಬೆಂಗಳೂರಿನಿಂದ ಬಂದ ಎಚ್ಆರ್ ಮ್ಯಾನೇಜರ್. ಉತ್ಪಾದನೆ ನೋಡಿಕೊಳ್ಳುತ್ತಿದ್ದ ವಸಂತಾ ಮೈಸೂರಿನವಳು, ನೈರೋಬಿಗೆ ಬಂದು ಎರಡು ವರ್ಷ. ಮೂರನೆಯವಳು ಗೋದಾಮಿನ ಶೆರಿಲ್. ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ಚೌಕ ಚೌಕ ಗೆರೆ ಎಳೆಯುತ್ತಿದ್ದಳು.

ವಿಚಾರಣೆಗೆ ಹತ್ತು ನಿಮಿಷವೂ ಹಿಡಿದಿರಲಿಲ್ಲ. ಪ್ಯಾಕಿಂಗ್ ಯಂತ್ರ ನಡೆಸುವ ಒಡುವೋರ್ ಒಳಗೆ ಬಂದು, ಟೋಪಿ ತೆಗೆದು, ಫೋಟೋ ನೋಡಿದ. ಮಂಗಳವಾರ ತಪಾಸಣೆಯವರು ತೆಗೆದ ಫೋಟೋ. ಯಂತ್ರದ ಬಾಗಿಲು ಒಂದು ಗೇಣು ತೆರೆದಿದೆ, ಸ್ವಿಚ್ಚಿಗೆ ಕಂದು ಟೇಪು ಸುತ್ತಿದೆ, ಯಂತ್ರ ಓಡುತ್ತಿದೆ.

“ಟೇಪು ಸುತ್ತಿದ್ದು ನಾನೇ,” ಎಂದ.

“ಯಾರಾದರೂ ಹೇಳಿದರಾ?” ಎಂದು ಕೇಳಿದ ಕೌಸ್ತುಭ್.

“ಯಾರೂ ಇಲ್ಲ.”

“ಯಾರಾದರೂ ನೋಡಿದರಾ?”

“ಯಾರೂ ಇಲ್ಲ.”

ಹನ್ನೊಂದು ವರ್ಷ ಅದೇ ಯಂತ್ರದ ಮುಂದೆ ನಿಂತ ಮನುಷ್ಯ. ಹೇಳುವಾಗ ಅವನು ವಸಂತಾಳನ್ನು ನೋಡಲಿಲ್ಲ. ನೋಡಿದ್ದರೆ ಅವಳಿಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಬಾಗಿಲಿನ ಕೀಲು ಸಡಿಲವಾಗಿ, ಎರಡು ನಿಮಿಷಕ್ಕೊಮ್ಮೆ ಯಂತ್ರ ತಾನಾಗಿ ನಿಲ್ಲುತ್ತಿತ್ತು. ಕಿಸುಮುವಿಗೆ ಹೋಗುವ ಲಾರಿ ಹನ್ನೆರಡಕ್ಕೆ ಹೊರಡಬೇಕು. “ಒಡುವೋರ್, ಹೇಗಾದ್ರೂ ಮಾಡಪ್ಪ,” ಎಂದಿದ್ದಳು ವಸಂತಾ, ಇಂಗ್ಲಿಷಿನಲ್ಲಿ; ‘ಅಪ್ಪ’ ಮಾತ್ರ ಕನ್ನಡದ್ದು, ಅದು ಅವನಿಗೆ ರೂಢಿಯಾಗಿತ್ತು. ಹತ್ತು ಗಂಟೆಗೆ ತಿರುಗಿ ಬಂದಾಗ ಯಂತ್ರ ಒಂದೇ ಸಮನೆ ಓಡುತ್ತಿತ್ತು. ಇಪ್ಪತ್ತಾರು ವರ್ಷ ಕಾರ್ಖಾನೆಗಳಲ್ಲೇ ಕಳೆದವಳಿಗೆ ಹತ್ತಿರ ಹೋಗಿ ನೋಡಬೇಕಾಗಿರಲಿಲ್ಲ. ಟೇಪಿನ ತುದಿ ಕಂಡಿತು. ಅವಳು ಗಡಿಯಾರ ನೋಡಿಕೊಂಡು ಮುಂದೆ ಹೋದಳು.

“ನಾನು ‘ಇಲ್ಲ’ ಅಂತ ಹಾಕ್ತೀನಿ,” ಎಂದಳು ಈಗ.

ಕೌಸ್ತುಭ್ ಪೆನ್ನು ಕೆಳಗಿಟ್ಟ. “ಅವನೇ ಒಪ್ಕೊಂಡಿದ್ದಾನಲ್ಲ ಮೇಡಂ. ಫೋಟೋ ಬೇರೆ ಇದೆ. ‘ಇಲ್ಲ’ ಅಂದ್ರೆ ಏನರ್ಥ? ನಮ್ಮ ಮೂವರಿಗೂ ಕಣ್ಣು ಕಾಣಲ್ಲ ಅಂತಲಾ?”

“ಫೋಟೋನೇ ಸಾಕು ಅಂದ್ರೆ ಮೂರು ಜನರನ್ನ ಯಾಕೆ ಕೂರಿಸ್ತಾರೆ? ಫೋಟೋನೇ ಕುರ್ಚಿ ಮೇಲೆ ಇಡಬಹುದಿತ್ತು. ಮನುಷ್ಯರನ್ನ ಕೂರಿಸಿದ್ದಾರೆ ಅಂದ್ಮೇಲೆ ರೂಲು ಈ ಸಲ ಅತಿ ಆಯ್ತು ಅನ್ನೋಕೆ ನಮಗೆ ಅಧಿಕಾರ ಇರಬೇಕಲ್ವಾ?”

“ರೂಲು ಸರಿಯಿಲ್ಲ ಅಂದ್ರೆ ಒಂದು ಮೇಲ್ ಹಾಕಿ. ಇಲ್ಲಿ ಕೂತು ರೂಲು ಬದಲಾಯಿಸೋಕಾಗಲ್ಲ.”

“ಬದಲಾಯಿಸೋದು ಬೇಡ. ಇವನೊಬ್ಬನ ಮಟ್ಟಿಗೆ ಬಿಟ್ಟುಬಿಡೋಣ ಅಂತಿದ್ದೀನಿ.”

ಇಷ್ಟು ಹೊತ್ತಿಗೆ ಇಬ್ಬರೂ ಪೂರ್ತಿ ಕನ್ನಡಕ್ಕೆ ಇಳಿದಿದ್ದರು. ವಸಂತಾಳಿಗೆ ಅದು ತಟ್ಟನೆ ಹೊಳೆದು, ಶೆರಿಲ್ ಕಡೆ ತಿರುಗಿ ಇಂಗ್ಲಿಷಿನಲ್ಲಿ ಎಲ್ಲವನ್ನೂ ಮತ್ತೆ ಹೇಳಿದಳು. ಕೆಲಸಗಾರರ ಕಡೆಯವಳು, ಕೆಲಸಗಾರನನ್ನು ಬಿಟ್ಟುಕೊಡಲಾರಳು. ಇಬ್ಬರು ಒಂದು ಕಡೆಯಾದರೆ ಕೌಸ್ತುಭ್ ಗೊಣಗಿ ಬಗ್ಗುತ್ತಾನೆ ಎಂಬುದು ವಸಂತಾಳ ಲೆಕ್ಕ.

ಶೆರಿಲ್ ಗೆರೆ ಎಳೆಯುವುದನ್ನು ನಿಲ್ಲಿಸಿದಳು. “ನಾನು ‘ಹೌದು’ ಅಂತ ಹಾಕುತ್ತೇನೆ,” ಎಂದಳು.

“ಶೆರಿಲ್, ಅವನ ಕೆಲಸ ಹೋಗುತ್ತದೆ.”

“ಗೊತ್ತು. ಅವನ ಮಗಳಿಗೆ ಭಾನುವಾರ ಜಡೆ ಹೆಣೆಯುವವಳು ನಾನೇ.” ಅವಳು ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. “ಇದನ್ನು ಆಫೀಸಿನವರು ಬರೆದರು ಅಂದುಕೊಂಡಿದ್ದೀರಾ? ನೀವು ಬರುವ ಮೊದಲು ಎರಡನೇ ಲೈನಿನಲ್ಲಿ ಒಬ್ಬಳಿಗೆ ಮೂರು ಬೆರಳು ಹೋದವು. ಆವತ್ತೂ ಸ್ವಿಚ್ಚಿಗೆ ಟೇಪು ಸುತ್ತಿತ್ತು. ಆರು ದಿನ ಗೇಟಿನ ಹೊರಗೆ ಕೂತು ನಾವು ಬರೆಸಿಕೊಂಡದ್ದು ಇದು. ಇವತ್ತು ‘ಇಲ್ಲ’ ಅಂದರೆ ನಾಳೆಯಿಂದ ಎಲ್ಲ ಸೂಪರ್‌ವೈಸರೂ ಹೇಳುತ್ತಾರೆ, ಸುತ್ತು ಮಾರಾಯ, ಒಡುವೋರ್‌ಗೆ ಏನಾಯಿತು ಅಂತ.”

ಹೊರಗೆ ಯಾವುದೋ ಲಾರಿ ಹಿಂದಕ್ಕೆ ಬರುತ್ತಾ ಕೂಗಿಕೊಳ್ಳುತ್ತಿತ್ತು. ಅದು ನಿಲ್ಲುವವರೆಗೆ ಶೆರಿಲ್ ಕಾದಳು.

“ನಾನು ಈ ಮೇಜಿಗೆ ಕೂರುತ್ತಿರುವುದು ನಾಲ್ಕನೇ ಸಲ. ಮೊದಲ ಪ್ರಶ್ನೆಗೆ ಮೂರು ಸಲವೂ ‘ಹೌದು’ ಆಯಿತು. ಎರಡನೇ ಪ್ರಶ್ನೆ ಮೂರು ಸಲವೂ ಖಾಲಿ.”

ವಸಂತಾ ಫಾರಂ ನೋಡಿದಳು. ಮೊದಲ ಪ್ರಶ್ನೆಯ ಕೆಳಗೆ ಒಂದು ಉದ್ದನೆಯ ಖಾಲಿ ಬಾಕ್ಸ್. ಬೇರೆ ಯಾರಿಗೆ ಗೊತ್ತಿತ್ತು, ಹೆಸರು ಬರೆಯಿರಿ.

ಕೌಸ್ತುಭ್ ಅವಳ ಮುಖ ನೋಡಿದ. ನೋಡಿ, ತಕ್ಷಣ ದೃಷ್ಟಿ ತೆಗೆದ. ಮತ್ತೆ ಕನ್ನಡದಲ್ಲಿ ಮಾತಾಡಿದಾಗ ಅವನ ದನಿ ಬೇರೆ ಆಗಿತ್ತು. ಯುಗಾದಿಗೆ ಅವಳ ಮನೆಗೆ ಊಟಕ್ಕೆ ಬಂದಾಗಿನ ದನಿ.

“ಅಕ್ಕಾ, ನನಗೇನೂ ಹೇಳ್ಬೇಡಿ. ನನಗೆ ಗೊತ್ತಾಗೋದೂ ಬೇಡ. ‘ಹೌದು’ಗೆ ಟಿಕ್ ಹಾಕಿ, ಆ ಬಾಕ್ಸ್ ಹಾಗೇ ಬಿಡಿ. ಯಾರೂ ಕೇಳಲ್ಲ. ಒಡುವೋರ್‌ಗೆ ಒಳ್ಳೆ ಸರ್ಟಿಫಿಕೇಟ್ ಕೊಡ್ತೀನಿ, ಪಕ್ಕದ ರಸ್ತೆ ಫ್ಯಾಕ್ಟರೀಲಿ ಮಾತಾಡ್ತೀನಿ. ಮೇಧಾ ಎಕ್ಸಾಮಿಗೆ ಇನ್ನು ಆರೇ ವಾರ ಅಲ್ವಾ?”

ಆರು ವಾರ ಸರಿಯಾಗಿತ್ತು. ಈ ದೇಶದಲ್ಲಿರುವ ಪರ್ಮಿಟ್ಟು ವಸಂತಾಳ ಕೆಲಸದ ಮೇಲೆ ನಿಂತಿತ್ತು. ಗಂಡ ಕಿಶೋರ್ ಮತ್ತು ಮಗಳು ಮೇಧಾ ಇಲ್ಲಿದ್ದದ್ದು ಅದೇ ಪರ್ಮಿಟ್ಟಿನ ಮೇಲೆ. ಕಿಶೋರ್ ಬ್ಯಾಂಕಿನ ಕೆಲಸ ಬಿಟ್ಟು ಜೊತೆಗೆ ಬಂದಿದ್ದ. ಕೆಲಸ ಹೋದರೆ ಮೂವರೂ ಪೆಟ್ಟಿಗೆ ಕಟ್ಟಬೇಕು. ‘ಇಲ್ಲ’ ಎಂದು ಬರೆದಿದ್ದರೆ ಒಡುವೋರ್ ಉಳಿಯುತ್ತಿದ್ದ, ಜೊತೆಗೆ ತಾನೂ ಉಳಿಯುತ್ತಿದ್ದಳು. ಎರಡನೆಯದನ್ನು ಬೆಳಗಿನಿಂದ ಅವಳು ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಶೆರಿಲ್ ನೋಟ್‌ಬುಕ್ ಮುಚ್ಚಿದಳು. ಅವಳಿಗೆ ಸಿಟ್ಟು ಬಂದಂತಿರಲಿಲ್ಲ. “ನೀವಿಬ್ಬರೂ ನಿಮ್ಮ ಭಾಷೆಗೆ ಹೋದರೆ ಅಲ್ಲಿಗೆ ವಿಷಯ ಮುಗಿಯಿತು,” ಎಂದಳು. “ನಾವು ಅದನ್ನು ಮಾರನೇ ದಿನ ನೋಟಿಸ್ ಬೋರ್ಡಿನಲ್ಲಿ ಓದಿಕೊಳ್ಳುತ್ತೇವೆ.”

“ಅವಳ ಮಾತು ಬಿಡಿ ಅಕ್ಕಾ,” ಎಂದ ಕೌಸ್ತುಭ್. “ಟಿಕ್ ಹಾಕಿ. ಹಾಕ್ತೀರಲ್ವಾ?”

ವಸಂತಾಳ ಬಾಯಿಗೆ ಬಂದದ್ದು ಇಂಗ್ಲಿಷ್.

“ಹೌದು, ಟೇಪು ಸುತ್ತಿದ್ದು ಅವನೇ. ಹತ್ತು ಗಂಟೆಗೆ ನಾನು ನೋಡಿದೆ. ನಿಲ್ಲಿಸಲಿಲ್ಲ.”

“ಅಕ್ಕಾ, ಸುಮ್ನಿರಿ.”

“ಹೇಗಾದರೂ ಮಾಡು ಅಂತ ಅವನಿಗೆ ಹೇಳಿದ್ದೂ ನಾನೇ,” ಎಂದಳು, ಮತ್ತೆ ಇಂಗ್ಲಿಷಿನಲ್ಲೇ.

ಕೌಸ್ತುಭ್ ಎರಡೂ ಕೈಯಿಂದ ಮುಖ ಉಜ್ಜಿಕೊಂಡ. ಶೆರಿಲ್ ನಗಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. “ನಾನು ಬರೆಯಲಾ, ನೀವೇ ಬರೆಯುತ್ತೀರಾ?” ಎಂದು ಕೇಳಿದಳು.

ವಸಂತಾ ತಾನೇ ಬರೆದಳು. ಹೆಸರು, ಹುದ್ದೆ, ಗಂಟೆ. ಬಾಕ್ಸಿನಲ್ಲಿ ಇನ್ನೂ ನಾಲ್ಕೈದು ಹೆಸರು ಹಿಡಿಯುವಷ್ಟು ಜಾಗ ಉಳಿಯಿತು. ಮೇಲಿನವರು ಇಬ್ಬರನ್ನೂ ಕಳಿಸುತ್ತಾರೋ, ಮ್ಯಾನೇಜರಿನ ಹೆಸರು ನೋಡಿ ಇಬ್ಬರನ್ನೂ ಉಳಿಸುತ್ತಾರೋ, ಆ ಕೋಣೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

“ಹೆಸರು ಬಂದವರು ಈ ಕಡೆ ಕೂರುವ ಹಾಗಿಲ್ಲ,” ಎಂದ ಕೌಸ್ತುಭ್, ಈಗ ಅವನೂ ಇಂಗ್ಲಿಷಿನಲ್ಲಿ, ಮೇಜು ನೋಡುತ್ತಾ. “ರೂಲು ಮೇಡಂ.”

ಅವಳು ಎದ್ದು, ಮೇಜನ್ನು ಸುತ್ತಿ ಬಂದು, ಎದುರಿಗಿದ್ದ ಕುರ್ಚಿಯಲ್ಲಿ ಕೂತಳು. ಕೌಸ್ತುಭ್ ಬಾಗಿಲು ತೆರೆದು ಒಡುವೋರ್‌ನನ್ನು ಕರೆದ, ನಡೆದದ್ದನ್ನು ಎರಡು ಮಾತಿನಲ್ಲಿ ಹೇಳಿದ.

ಒಡುವೋರ್ ಬಾಗಿಲ ಬಳಿಯೇ ನಿಂತ. “ಮಾಮಾ,” ಎಂದ ಮೆಲ್ಲಗೆ, ಸ್ವಾಹಿಲಿಯಲ್ಲಿ ‘ಅಮ್ಮ’ ಎನ್ನುವ ಹಾಗೆ, “ಯಾರೂ ಇಲ್ಲ ಅಂತ ನಾನು ಹೇಳಿದ್ದೆನಲ್ಲ.”

ವಸಂತಾ ತಲೆಯಾಡಿಸಿದಳು. ಅವಳು ಕೂತ ಕಡೆ ಇದ್ದದ್ದು ಒಂದೇ ಕುರ್ಚಿ. ಶೆರಿಲ್ ಎದ್ದು, ವಸಂತಾ ಬಿಟ್ಟುಹೋಗಿದ್ದ ಕುರ್ಚಿಯನ್ನು ಎತ್ತಿ ಮೇಜಿನ ಮೇಲಿಂದ ಅವನ ಕಡೆ ದಾಟಿಸಿದಳು. ಅವನು ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಎಲ್ಲಿಡಬೇಕೆಂದು ತಿಳಿಯದೆ, ಹಿಡಿದುಕೊಂಡೇ ನಿಂತಿದ್ದ.