ಚಿತ್ರದ ಅಂಚಿನ ಕೈ

"ಯಾರ್ದೋ ಕೈಯೊಂದು ಅಡ್ಡ ಬಂದ್ಬಿಟ್ಟಿದೆ ಕಣೇ. ಇಷ್ಟು ಕತ್ತರಿಸಿದ್ರೆ ಫ್ರೇಮಿಗೆ ಸರಿಹೋಗುತ್ತೆ," ಎಂದು ನೇತ್ರಾವತಿ ಪತ್ರಿಕೆಯ ಪುಟದ ಮೇಲೆ ಕತ್ತರಿ ಇಟ್ಟರು.

ಗುಬ್ಬಿ ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ರವಿಕೆ ಹೊಲಿಯುತ್ತಿದ್ದ ಆಕೆಗೆ ಮಗಳು ಶಿಲ್ಪಾಳ ಚಿತ್ರ ಅಚ್ಚಾದದ್ದು ಸಣ್ಣ ಸಂಗತಿಯಲ್ಲ. ಮಹಿಳಾ ವಾರಪತ್ರಿಕೆಯೊಂದು ತನ್ನ ಐವತ್ತನೇ ವರ್ಷದ ವಿಶೇಷಾಂಕಕ್ಕೆ ಹಳೆಯ ಮುಖಪುಟಗಳನ್ನು ಇಂದಿನ ಹೆಂಗಸರಿಂದ ಮತ್ತೆ ಮಾಡಿಸಿತ್ತು. ಅಂದಿನ ಚೆಲುವೆ ಪಫ್ ತೋಳಿನ ರವಿಕೆ ತೊಟ್ಟು, ಸೊಂಟದ ಮೇಲೆ ಬಿಂದಿಗೆ ಇಟ್ಟು, ಕಣ್ಣು ತಗ್ಗಿಸಿ ನಿಂತಿದ್ದಳು. ಶಿಲ್ಪಾಳ ಸೊಂಟಕ್ಕೆ ಬಿಂದಿಗೆಯ ಬದಲು ಕಟ್ಟಡದ ಕೆಲಸದ ಹೆಲ್ಮೆಟ್ಟು. ನೇತ್ರಾವತಿ ತಾವು ಜೋಪಾನವಾಗಿಟ್ಟಿದ್ದ ಆ ಹಳೆಯ ಸಂಚಿಕೆಯನ್ನೇ ಎದುರಿಗಿಟ್ಟುಕೊಂಡು ರವಿಕೆ ಹೊಲಿದಿದ್ದರು. ಆ ಕಾಲದ ಪತ್ರಿಕೆಗಳಲ್ಲಿ ಹೆಣ್ಣು ಹೇಗೆ ನಿಲ್ಲಬೇಕು, ಎಷ್ಟು ನಗಬೇಕು ಎಂಬುದಕ್ಕೂ ಅಳತೆ ಇರುತ್ತಿತ್ತು.

"ತಡಿಯಮ್ಮ, ಕತ್ತರಿಸ್ಬೇಡ!"

ಶಿಲ್ಪಾ ಪುಟವನ್ನು ಎಳೆದುಕೊಂಡಳು. ಅಂಚಿನಲ್ಲಿ ಹಸಿರು ಗಾಜಿನ ಬಳೆಗಳ ಕೈಯೊಂದು ಮೇಲೆದ್ದಿತ್ತು. ಅದರ ಹಿಂದೆ ಕಾಂಕ್ರೀಟ್ ಲಾರಿ. ಲಾರಿಯ ಏಣಿ ಹತ್ತಿದ ಡ್ರೈವರ್ ತಿರುಗುವ ಡ್ರಮ್ಮಿನ ಬಾಯಿಗೆ ನೀರಿನ ಪೈಪು ಬಿಟ್ಟಿದ್ದ. ಅವಳ ಕಿವಿ ಬಿಸಿಯಾಯಿತು.

ಕುಣಿಗಲ್ ಕಡೆ, ಹುತ್ರಿದುರ್ಗದ ಹತ್ತಿರದ ಹಳ್ಳಿಯೊಂದಕ್ಕೆ ನೀರಿನ ಟ್ಯಾಂಕು ಕಟ್ಟುವಲ್ಲಿ ಅವಳು ಕ್ವಾಲಿಟಿ ಇಂಜಿನಿಯರ್. ಪ್ರತಿ ಲಾರಿಯ ಕಾಂಕ್ರೀಟನ್ನೂ ಮೊದಲು ತಗಡಿನ ಕೋನಿಗೆ ತುಂಬಿ, ಕೋನು ಎತ್ತಿ, ಎಷ್ಟು ಕುಸಿಯಿತೆಂದು ಅಳೆದು ಬರೆಯಬೇಕು. ನೀರು ಹೆಚ್ಚಾದರೆ ಸುರಿಯಲು ಸಲೀಸು, ಆದರೆ ಕಂಬ ಬಾಳಿಕೆ ಬರುವುದಿಲ್ಲ. ಹತ್ತು ದಿನದ ಹಿಂದೆ ಮೊದಲ ಲಾರಿಯನ್ನು ಅಳೆದು, ಗಟ್ಟಿತನದ ಪರೀಕ್ಷೆಗೆ ಲ್ಯಾಬಿಗೆ ಕಳಿಸುವ ಕಾಂಕ್ರೀಟ್ ಕ್ಯೂಬುಗಳನ್ನೂ ಅದರಿಂದಲೇ ಮಾಡಿಸಿದ್ದಳು. ಎರಡನೆಯದು ಬಂದಾಗ ಪತ್ರಿಕೆಯ ಫೋಟೋಗೆಂದು ಅಲ್ಲೇ ಸೀರೆ ಉಟ್ಟು ನಿಂತಿದ್ದಳು. "ಸ್ವಲ್ಪ ನಾಚ್ಕೊಳ್ಳಿ ಮೇಡಂ" ಎನ್ನುತ್ತಿದ್ದ ಫೋಟೋದವನು. ಸುರಿದ ಕಂಬಗಳು ಗಟ್ಟಿಯಾಗಲೆಂದು ದಿನವೂ ನೀರು ಹಾಕುವ ಚಿಕ್ಕಮಾರಮ್ಮ ಕೈಯೆತ್ತಿ ಏನೋ ಕೂಗುತ್ತ ಬಂದಳು. ಕೆಸರು ಸೀರೆಯ ಮುದುಕಿ ಎಲ್ಲಿ ಚಿತ್ರದಲ್ಲಿ ಬಂದಾಳೋ ಎಂದು ಶಿಲ್ಪಾ ಅವಳತ್ತ "ಆಚೆ ಹೋಗು" ಎಂಬಂತೆ ಕೈ ಆಡಿಸಿದ್ದಳು. ಆಮೇಲೆ ರಿಜಿಸ್ಟರಿನಲ್ಲಿ ಎರಡನೇ ಲಾರಿಯ ಮುಂದೆಯೂ ಮೊದಲನೆಯದರ ಅಂಕಿಯನ್ನೇ ಬರೆದು ಸಹಿ ಹಾಕಿದ್ದಳು.

"ಯಾಕೇ, ಚೆನ್ನಾಗಿಲ್ವಾ? ಎಷ್ಟು ಲಕ್ಷಣವಾಗಿದೀಯ!" ಎಂದರು ನೇತ್ರಾವತಿ.

ಅಮ್ಮನ ಮುಖ ನೋಡಲು ಅವಳಿಂದಾಗಲಿಲ್ಲ. "ಬಂದು ಹೇಳ್ತೀನಮ್ಮ," ಎಂದು ಪುಟವನ್ನು ಸುತ್ತಿಕೊಂಡು ಬಸ್ ಸ್ಟ್ಯಾಂಡಿಗೆ ಹೊರಟಳು.

ಸೈಟಿನ ಹಿರಿಯ ಇಂಜಿನಿಯರ್ ಚನ್ನವೀರಯ್ಯ ಎಲ್ಲವನ್ನೂ ಕೇಳಿಸಿಕೊಂಡರು. "ಕ್ಯೂಬ್ ಪಾಸಾಗಿದೆಯಲ್ಲಮ್ಮ. ಸುಮ್ನೆ ಯಾಕೆ ಮೈಮೇಲೆ ಎಳ್ಕೊಳ್ತೀರಾ?"

"ಕ್ಯೂಬು ಮೊದಲ್ನೇ ಗಾಡೀದು ಸರ್. ಎರಡನೇದನ್ನ ನಾನು ನೋಡೇ ಇಲ್ಲ."

"ಮತ್ತೆ ರಿಜಿಸ್ಟರಲ್ಲಿ?"

"ಸುಳ್ಳು ಬರ್ದಿದೀನಿ."

ಅವರು ಪುಟವನ್ನು ನೋಡಿದರು, ಅವಳನ್ನು ನೋಡಿದರು. ಆ ಓರೆ ನಿಲುವು, ಆ ತಗ್ಗಿಸಿದ ಕಣ್ಣು ಅವರ ಕೈಯಲ್ಲಿರುವುದನ್ನು ಕಂಡು ಅವಳಿಗೆ ನೆಲ ಬಾಯಿಬಿಡಬಾರದೇ ಎನಿಸಿತು.

"ಅದನ್ನ ಸುರ್ದಿರೋದು ಮೂಲೆ ಕಂಬಕ್ಕೆ. ನಾಳೆ ಒಂದು ತುಂಡು ಕೊರೆದು ಪರೀಕ್ಷೆಗೆ ಕಳ್ಸೋಣ. ಕೆಟ್ಟಿದ್ರೆ ಒಡೀಬೇಕು. ನಿಮ್ಮ ವಿಷ್ಯಾನೂ ಮೇಲಕ್ಕೆ ಬರೀಬೇಕಾಗುತ್ತೆ."

"ಬರೀರಿ ಸರ್."

ಹೊರಗೆ ಚಿಕ್ಕಮಾರಮ್ಮ ಕಂಬಗಳಿಗೆ ಸುತ್ತಿದ್ದ ಗೋಣಿಚೀಲಗಳನ್ನು ತೋಯಿಸುತ್ತಿದ್ದಳು. ಶಿಲ್ಪಾ ಪುಟ ಹಿಡಿದುಕೊಂಡೇ ಹತ್ತಿರ ಹೋಗಿ ಕೇಳಿದಳು: "ಅವತ್ತು ನನ್ನ ಯಾಕೆ ಕೂಗಿದ್ರಿ?"

"ನೀರು ಬುಡ್ತಾವ್ನೆ ಅಂತ ಹೇಳಾನ ಅಂತ ಬಂದೆ ಕಣವ್ವ. ನೀವು ಓಗು ಅಂದ್ರಿ. ನೀವೇ ಬುಡುಸ್ತಿರ್ಬೈದು ಅಂದ್ಕಂಡು ಸುಮ್ಕಾದೆ."

"ತಪ್ಪಾಯ್ತು," ಎಂದಳು ಶಿಲ್ಪಾ. ಅವಳ ಮಾತು ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಮುದುಕಿಯ ಕಣ್ಣು ಆಗಲೇ ಪುಟದ ಮೇಲಿತ್ತು. "ಅವತ್ತಿನ್ ಫೋಟನಾ? ನಾನೂ ಬಂದಿವ್ನಾ?"

"ಕೈ ಬಂದಿದೆ."

ಚಿಕ್ಕಮಾರಮ್ಮ ಸೆರಗಿಗೆ ಕೈ ಒರೆಸಿಕೊಂಡು ಪುಟ ಹಿಡಿದಳು. ನಡುವೆ ನಿಂತಿದ್ದ ಶಿಲ್ಪಾಳ ಕಡೆ ನೋಡಲೇ ಇಲ್ಲ. ಅಂಚಿನ ಕೈಯ ಪಕ್ಕ ತನ್ನ ಕೈ ಇಟ್ಟು ನೋಡಿ ನಕ್ಕಳು. "ಅಯ್, ನಂದೇಯ! ಯಡಿಯೂರಲ್ಲಿ ಇಕ್ಕುಸ್ಕಂಡಿದ್ ಬಳೆ. ಎಷ್ಟು ಚಂದಾಗ್ ಬಂದೈತೆ ನೋಡವ್ವ!"

ಅದನ್ನು ಹುಷಾರಾಗಿ ಸುತ್ತಿ ಹಿಂದಕ್ಕೆ ಕೊಟ್ಟಳು. "ತಡೀರಿ, ಗೋಣಿ ಒಣಗೋಯ್ತದೆ," ಎಂದು ತೊಟ್ಟಿಯಲ್ಲಿ ಬಿಂದಿಗೆ ಅದ್ದಿ ಸೊಂಟದ ಮೇಲಿಟ್ಟುಕೊಂಡಳು. ನಡೆದು ಹೋಗಿ, ಮೂಲೆಯ ಕಂಬಕ್ಕೆ, ಒಂದು ಅಂಗುಲವೂ ಒಣ ಉಳಿಯದ ಹಾಗೆ ಸುತ್ತಲೂ ನೀರು ಹೊಯ್ಯತೊಡಗಿದಳು.